ನೋವುಂಡ ನೆಲ – ಕಲ್ಯಾಣ

ಕನ್ನಡ ನಾಡಿನಲ್ಲಿ ಪುಣ್ಯಕ್ಷೇತ್ರಗಳಿಗೆ ಕೊರತೆಯಿಲ್ಲ. ನದಿಗಳು ಕೂಡುವಲ್ಲಿ ಒಂದು ಕ್ಷೇತ್ರ, ಗಿರಿಯ ನೆತ್ತಿಯಲ್ಲಿ ಒಂದು ಕ್ಷೇತ್ರ, ದಟ್ಟಡವಿಯ ನಡುವೆ ಮತ್ತೊಂದು ಕ್ಷೇತ್ರ. ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಮಹಾನದಿಯ ಸಂಗಮವಿಲ್ಲ, ಗಗನವನ್ನು ಮುಟ್ಟುವ ಶಿಖರವಿಲ್ಲ. ಬಸವಣ್ಣನವರು ಜನಿಸಿದ ನೆಲ ಬಾಗೇವಾಡಿ, ಐಕ್ಯರಾದ ನೆಲ ಕೂಡಲಸಂಗಮ. ಹಾಗಿದ್ದೂ ಲಿಂಗವಂತರ ಮನೆಗಳಲ್ಲಿ ಕಲ್ಯಾಣವೆಂಬ ಹೆಸರು ಕೇಳಿದೊಡನೆ ಕೈಗಳು ತಾವಾಗಿ ಜೋಡಿಸಿಕೊಳ್ಳುತ್ತವೆ. ಈ ನೆಲವನ್ನು ಕ್ಷೇತ್ರವನ್ನಾಗಿ ಮಾಡಿದ್ದು ನಿಸರ್ಗವಲ್ಲ. ಇಲ್ಲಿ ದುಡಿದ, ಇಲ್ಲಿ ನೊಂದ, ಇಲ್ಲಿಂದ ಉಟ್ಟ ಬಟ್ಟೆಯಲ್ಲಿ ಹೊರಟುಹೋದ ಮನುಷ್ಯರು.

ಶ್ರಾವಣಮಾಸದ ಪ್ರವಚನಗಳಲ್ಲಿ, ಮನೆಮನೆಯ ಶಿವಾನುಭವ ಗೋಷ್ಠಿಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಅದನ್ನು ಕೇಳುವವರು ಬಹುಮಟ್ಟಿಗೆ ತಾಯಂದಿರು. ‘ಶರಣರಂಥ ಶರಣರಿಗೂ ಅಷ್ಟೊಂದು ಕಷ್ಟ ಯಾಕೆ ಬಂದಿತು? ದಿನಕ್ಕೊಮ್ಮೆ ಲಿಂಗಪೂಜೆಯನ್ನೂ ನೆಟ್ಟಗೆ ಮಾಡಲಾಗದ ನಮ್ಮಂಥವರ ಗತಿಯೇನು?’ ಇದಕ್ಕೆ ಸಿದ್ಧವಾಗಿರುವ ಉತ್ತರವೊಂದುಂಟು. ಬಂಗಾರವನ್ನು ಪುಟಕ್ಕೆ ಹಾಕಿದಂತೆ ದೇವರು ಭಕ್ತರನ್ನು ಕಾಯಿಸಿ ಪರೀಕ್ಷಿಸುತ್ತಾನೆ ಎಂಬುದೇ ಆ ಉತ್ತರ. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಈ ಮಾತನ್ನು ಹೇಳಲು ನಾಲಗೆ ಏಳುವುದಿಲ್ಲ. ಶರಣರು ನೋವನ್ನು ನಿಜಕ್ಕೂ ಹೇಗೆ ಕಂಡರು, ಅದರೊಳಗಿಂದ ಹೇಗೆ ಬೆಳೆದರು ಎಂಬುದನ್ನು ಅವರು ಬಾಳಿದ ನೆಲದಲ್ಲಿಯೇ ನಡೆದಾಡಿ ತಿಳಿದುಕೊಳ್ಳುವುದು ಮೇಲು. ಈ ಲೇಖನದ ಉದ್ದೇಶ ಅದು.

ಹುಮನಾಬಾದಿನ ಬಾಗಿಲಲ್ಲಿ

ಕಲ್ಯಾಣಕ್ಕೆ ರೈಲುದಾರಿಯಿಲ್ಲ. ಬೀದರ–ಕಲಬುರಗಿ ರೈಲುಮಾರ್ಗ 2017ರಲ್ಲಿ ಆರಂಭವಾದಂದಿನಿಂದ ಯಾತ್ರಿಕರಿಗೆ ಹುಮನಾಬಾದಿನವರೆಗೆ ರೈಲಿನಲ್ಲಿ ಬರುವ ಅನುಕೂಲವಾಗಿದೆ. ಅಲ್ಲಿಂದ ಪಶ್ಚಿಮಕ್ಕೆ ಸೊಲ್ಲಾಪುರದ ಹೆದ್ದಾರಿ ಹಿಡಿದು ಸುಮಾರು 30 ಕಿಲೋಮೀಟರು ಸಾಗಿದರೆ ಬಸವಕಲ್ಯಾಣ. ದಾರಿಯುದ್ದಕ್ಕೂ ಕೆಲವೆಡೆ ಕೆಂಪು ಜಂಬಿಟ್ಟಿಗೆಯ ನೆಲ, ಕೆಲವೆಡೆ ಎರೆಯ ಹೊಲ. ತೊಗರಿ, ಹೆಸರು, ಉದ್ದು, ಜೋಳ, ಅಲ್ಲಲ್ಲಿ ಕಬ್ಬು. ಮುಂಗಾರು ಒಲಿದ ವರ್ಷ ಕಣ್ತುಂಬ ಹಸಿರು. ಮುನಿದ ವರ್ಷ ಬಿರುಕುಬಿಟ್ಟ ನೆಲ. ಈ ಭಾಗದ ರೈತನಿಗೆ ಅನಿಶ್ಚಿತತೆಯೆಂಬುದು ಗ್ರಂಥದ ಮಾತಲ್ಲ, ವರ್ಷವರ್ಷದ ಅನುಭವ.

ಹುಮನಾಬಾದಿನ ಆರಾಧ್ಯದೈವ ಶ್ರೀ ವೀರಭದ್ರೇಶ್ವರ. ಜನವರಿಯಲ್ಲಿ ನಡೆಯುವ ಜಾತ್ರೆಗೆ ಕರ್ನಾಟಕದಿಂದಷ್ಟೇ ಅಲ್ಲದೆ ನೆರೆಯ ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಭಕ್ತರು ಬರುತ್ತಾರೆ. ನಮ್ಮ ನಾಡಿನ ವೀರಭದ್ರನ ಜಾತ್ರೆಗಳನ್ನು ಕಂಡವರಿಗೆ ಪುರವಂತರ ಒಡಪು, ಶಸ್ತ್ರಸೇವೆ, ಅಗ್ನಿಕುಂಡಗಳ ಪರಿಚಯವಿದ್ದೇ ಇರುತ್ತದೆ. ದಕ್ಷನ ಯಜ್ಞದಲ್ಲಿ ಶಿವನಿಗಾದ ಅವಮಾನವನ್ನು ಸಹಿಸದೆ ಉದ್ಭವಿಸಿದ ದೇವನ ಮುಂದೆ ಭಕ್ತರು ಗಲ್ಲಕ್ಕೆ ಶಸ್ತ್ರ ಹಾಕಿಸಿಕೊಳ್ಳುತ್ತಾರೆ, ಕೆಂಡ ಹಾಯುತ್ತಾರೆ. ಆ ಹರಕೆಯ ಹಿಂದಿರುವ ಭಕ್ತಿಯನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಕಲ್ಯಾಣದ ದಾರಿ ಹಿಡಿದವರು ಇಲ್ಲಿಯೇ ಒಂದು ವಿವೇಕವನ್ನು ಕಟ್ಟಿಕೊಂಡು ಮುಂದೆ ಹೋಗಬೇಕು. ದೇಹವನ್ನು ದಂಡಿಸುವುದೇ ಸಾಧನೆಯೆಂದು ಶರಣರು ಬೋಧಿಸಲಿಲ್ಲ. ಕಾಯವನ್ನು ಅವರು ಪ್ರಸಾದಕಾಯವೆಂದು ಕರೆದರು. ಲಿಂಗವನ್ನು ಅದೇ ಕಾಯದ ಮೇಲೆ ಧರಿಸಿದರು. ಉಪವಾಸ, ವ್ರತ, ತೀರ್ಥಸ್ನಾನಗಳಿಂದ ಮನಸ್ಸು ಶುದ್ಧವಾಗುವುದೆಂಬ ನಂಬಿಕೆಯನ್ನು ಅವರು ಕಟುವಾಗಿ ವಿಮರ್ಶಿಸಿದರು. ಅಂದಮೇಲೆ ಶರಣರ ಬಾಳಿನಲ್ಲಿ ನಾವು ಕಾಣುವ ನೋವು ಅವರು ಹುಡುಕಿಕೊಂಡು ಹೋದದ್ದಲ್ಲ. ನಂಬಿದಂತೆ ನಡೆದಾಗ ದಾರಿಯಲ್ಲಿ ಎದುರಾದದ್ದು.

ಊರಿಗೆ ಹತ್ತಿದಂತೆಯೇ ಮಾಣಿಕನಗರವಿದೆ. ಶ್ರೀ ಮಾಣಿಕಪ್ರಭುಗಳು 1817ರಲ್ಲಿ ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿ, ಬಾಲ್ಯವನ್ನು ಕಲ್ಯಾಣದಲ್ಲಿ ಕಳೆದು, ಇಲ್ಲಿ ನೆಲೆನಿಂತು 1865ರಲ್ಲಿ ಸಮಾಧಿಸ್ಥರಾದರು. ಸಕಲಮತಗಳೂ ಸತ್ಯದ ದಾರಿಗಳೇ ಎಂದು ಸಾರಿದ ಆ ಪರಂಪರೆ ನಮ್ಮದಲ್ಲವಾದರೂ ಗೌರವಾರ್ಹವಾದದ್ದು. ಹಿಂದೂಗಳೂ ಮುಸಲ್ಮಾನರೂ ಒಂದೇ ಬಾಗಿಲಲ್ಲಿ ತಲೆಬಾಗಿದ ಸ್ಥಳ ಈ ಸೀಮೆಯಲ್ಲಿದೆಯೆಂಬುದನ್ನು ಮುಂದೆ ಗೋರಟಾದ ಕಥೆ ಕೇಳುವಾಗ ಓದುಗರು ನೆನಪಿನಲ್ಲಿಡಬೇಕು.

ಹುಮನಾಬಾದ ತಾಲೂಕಿನಲ್ಲಿಯೇ ಇರುವ ಜಲಸಂಗವಿಯನ್ನು ನೋಡದೆ ಮುಂದೆ ಹೋಗಬಾರದು. ಕಲ್ಯಾಣದ ಚಾಲುಕ್ಯರ ಕಾಲದ ಅಲ್ಲಿನ ಶಿವಾಲಯದ ಹೊರಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಬೆನ್ನು ಬಾಗಿಸಿ ನಿಂತು ಫಲಕದ ಮೇಲೆ ಬರೆಯುತ್ತಿದ್ದಾಳೆ. ಆಕೆ ಬರೆಯುತ್ತಿರುವುದು ಚಕ್ರವರ್ತಿ ವಿಕ್ರಮಾದಿತ್ಯನ ಪ್ರಶಸ್ತಿ. ಶಿಲ್ಪ ಮನೋಹರ, ಅಕ್ಷರಗಳು ಒಂಬೈನೂರು ವರ್ಷ ದಾಟಿ ಉಳಿದಿವೆ. ಆದರೆ ಆ ಅಕ್ಷರಗಳನ್ನು ಇಂದು ಓದಿ ಸಮಾಧಾನ ಪಡೆಯುವವರು ಯಾರೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ತಾಳೆಗರಿಯ ಮೇಲೆ ಮೂಡಿದ ಶರಣರ ನುಡಿಗಳು ಮಾತ್ರ ಇಂದಿಗೂ ಅಡುಗೆಮನೆಗಳಲ್ಲಿ, ಹೊಲದ ಬದುಗಳಲ್ಲಿ, ಮಕ್ಕಳ ಪಾಠಗಳಲ್ಲಿ ಜೀವಂತವಾಗಿವೆ. ಕಲ್ಲಿಗಿಂತ ಗರಿ ಬಲವಾದದ್ದು ಹೇಗೆ? ಈ ಪ್ರಶ್ನೆಯನ್ನು ಹೊತ್ತುಕೊಂಡೇ ಕಲ್ಯಾಣವನ್ನು ಪ್ರವೇಶಿಸೋಣ.

ಅರಸರ ಕಲ್ಯಾಣ, ಶರಣರ ಕಲ್ಯಾಣ

ಹನ್ನೊಂದನೆಯ ಶತಮಾನದ ನಡುವೆ ಚಾಲುಕ್ಯ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದನು. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನು ತನ್ನ ಹೆಸರಿನಲ್ಲಿಯೇ ಹೊಸ ಶಕೆಯನ್ನು ಆರಂಭಿಸಿ ಅರ್ಧ ಶತಮಾನ ಆಳಿದನು. ಕಾಶ್ಮೀರದ ಬಿಲ್ಹಣ ಕವಿ ಅವನ ಆಸ್ಥಾನಕ್ಕೆ ಬಂದು ವಿಕ್ರಮಾಂಕದೇವಚರಿತವನ್ನು ರಚಿಸಿದನು. ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನು. ಮಗನಾದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ವಿಶ್ವಕೋಶದಂಥ ಗ್ರಂಥವನ್ನು ಕೊಟ್ಟನು. ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಕಳಚೂರಿ ಬಿಜ್ಜಳನು ಅಧಿಕಾರವನ್ನು ಕೈವಶ ಮಾಡಿಕೊಂಡನು. ಮುಂದೆ ಸೇವುಣರು, ತುಘಲಕರು, ಬಹಮನಿಗಳು, ಬರೀದಶಾಹಿ, ಆದಿಲಶಾಹಿ ಅರಸರು ಒಬ್ಬರಾದ ಮೇಲೊಬ್ಬರು ಬಂದರು. 1657ರಲ್ಲಿ ಔರಂಗಜೇಬನು ಕೋಟೆಯನ್ನು ವಶಪಡಿಸಿಕೊಂಡನು. ಕೊನೆಗೆ ನಿಜಾಮರ ಅಧೀನದಲ್ಲಿ ನವಾಬರು ಆಳಿದರು.

ಇಷ್ಟೆಲ್ಲವನ್ನು ಓದಿಕೊಂಡು ಬರುವ ಯಾತ್ರಿಕನಿಗೆ ಮೊದಲ ನೋಟದಲ್ಲಿ ನಿರಾಶೆಯಾಗುವುದು ಸಹಜ. ಕಂದಕ ಸುತ್ತಿದ ಕೋಟೆಯೊಂದಿದೆ. ಅದರ ಬಾಗಿಲು, ಬುರುಜುಗಳು ಬಹುಪಾಲು ನಂತರದ ಕಾಲದವು. ಕೋಟೆಯೊಳಗಿನ ಸಂಗ್ರಹಾಲಯದಲ್ಲಿ ಹಳೆಯ ಮೂರ್ತಿಗಳನ್ನು ಇರಿಸಲಾಗಿದೆ. ಊರ ಹೊರಗೆ ನಾರಾಯಣಪುರದ ಶಿವಾಲಯ ಚಾಲುಕ್ಯಶಿಲ್ಪದ ವೈಭವವನ್ನು ಇನ್ನೂ ಹಿಡಿದುಕೊಂಡು ನಿಂತಿದೆ. ಬಿಲ್ಹಣನು ಹೊಗಳಿದ ನಗರವೆಲ್ಲಿ, ಬಿಜ್ಜಳನ ಅರಮನೆಯೆಲ್ಲಿ ಎಂದು ಹುಡುಕಿದರೆ ಮಣ್ಣೇ ಉತ್ತರ. ಹೆದ್ದಾರಿಯ ಬದಿಯಲ್ಲಿ ಲಾರಿಗಳ ದುರಸ್ತಿಯ ಶೆಡ್ಡುಗಳು, ಗಡಿಬಿಡಿಯ ಪೇಟೆ, ಓಣಿಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಬೆರೆತ ಮಾತು. ಕಬ್ಬಿಣ ಬಡಿಯುವ ಆ ಶೆಡ್ಡುಗಳನ್ನು ದಾಟುವಾಗ, ಅರಮನೆ ಹೋದರೂ ಕಾಯಕ ಉಳಿದಿದೆಯಲ್ಲ ಎಂಬ ಸಮಾಧಾನ ನನಗಾಗುತ್ತದೆ.

ಆ ಅರಸರ ಕಲ್ಯಾಣದೊಳಗೆ ಶರಣರ ಕಲ್ಯಾಣ ನೆಲೆಗೊಂಡದ್ದು ಕೆಲವೇ ವರ್ಷಗಳ ಕಾಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆಗೆ ಬಂದವರು ಯಾರು ಯಾರೆಂದು ನೆನೆದುಕೊಳ್ಳಿ. ಬಟ್ಟೆ ಮಡಿಮಾಡುವ ಮಾಚಿದೇವರು, ದೋಣಿ ನಡೆಸುವ ಚೌಡಯ್ಯನವರು, ತುರು ಕಾಯುವ ರಾಮಣ್ಣನವರು, ಹಗ್ಗ ಹೊಸೆಯುವ ಚಂದಯ್ಯನವರು, ಚರ್ಮ ಹದಮಾಡುವ ಕಕ್ಕಯ್ಯನವರು, ಕೆರ ಹೊಲೆಯುವ ಹರಳಯ್ಯನವರು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಟ್ಟಿಗೆ ಹೊತ್ತು ಮಾರಿದ ಮೋಳಿಗೆ ಮಾರಯ್ಯ ದಂಪತಿಗಳು. ಅಲ್ಲಮಪ್ರಭುಗಳು ಶೂನ್ಯಪೀಠದಲ್ಲಿ ಕುಳಿತ ಅನುಭವ ಮಂಟಪದಲ್ಲಿ ಇವರೆಲ್ಲರಿಗೂ ಮಾತಿನ ಹಕ್ಕು ಇದ್ದಿತು, ಹೆಂಗಸರಿಗೂ ಇದ್ದಿತು. ಉಡುತಡಿಯಿಂದ ಎಲ್ಲವನ್ನೂ ತೊರೆದು ನಡೆದು ಬಂದ ಅಕ್ಕಮಹಾದೇವಿಯವರು ಆ ಸಭೆಯಲ್ಲಿ ಪ್ರಭುಗಳ ಕಠಿಣ ಪ್ರಶ್ನೆಗಳನ್ನು ಎದುರಿಸಿ ನಿಂತರು. ಅಂಥ ಸಭೆಯಲ್ಲಿ ಒಬ್ಬನ ನೋವು ಒಬ್ಬನದೇ ಆಗಿ ಉಳಿಯುವುದು ಸಾಧ್ಯವಿರಲಿಲ್ಲ. ಹೇಳಿಕೊಳ್ಳಲು ಸ್ಥಳವಿದ್ದಿತು, ಕೇಳಿಸಿಕೊಳ್ಳಲು ಜನರಿದ್ದರು.

ಕೆರೆಯ ದಂಡೆಯ ಗವಿಗಳು

ಊರೊಳಗಿನ ಬಸವೇಶ್ವರ ದೇವಾಲಯ, ಪರುಷಕಟ್ಟೆಗಳ ದರ್ಶನ ಮುಗಿಸಿ ತ್ರಿಪುರಾಂತಕ ಕೆರೆಯ ಕಡೆಗೆ ನಡೆದರೆ ಗವಿಗಳು ಸಿಗುತ್ತವೆ. ಅಕ್ಕನಾಗಮ್ಮನವರ ಗವಿ, ನುಲಿಯ ಚಂದಯ್ಯನವರ ಗವಿ ಮೊದಲಾಗಿ ಒಂದೊಂದಕ್ಕೂ ಜನ ಒಬ್ಬೊಬ್ಬ ಶರಣರ ಹೆಸರನ್ನಿಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಸಂಪತ್ತಿನ ಕುರುಹು ಇಲ್ಲಿ ಏನೂ ಇಲ್ಲ. ಬಾಗಿ ಒಳಗೆ ಹೋಗಬೇಕು, ಬಾಗಿಯೇ ಹೊರಗೆ ಬರಬೇಕು.

ಚಂದಯ್ಯನವರ ಕಥೆ ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದದ್ದು. ಕೆರೆಯಲ್ಲಿ ನಿಂತು ಹುಲ್ಲು ಕೊಯ್ಯುತ್ತಿರುವಾಗ ಕೊರಳ ಲಿಂಗ ನೀರಿಗೆ ಜಾರಿತು. ಅವರು ಕೆಲಸ ನಿಲ್ಲಿಸಲಿಲ್ಲ. ಲಿಂಗವೇ ಬೆನ್ನಟ್ಟಿ ಬಂದರೂ ತಿರುಗಿ ನೋಡಲಿಲ್ಲ. ಜಂಗಮರಿಗೆ ಸಲ್ಲಬೇಕಾದ ದಿನದ ದಾಸೋಹ ತಪ್ಪಬಾರದೆಂಬುದೇ ಅವರ ಚಿಂತೆ. ಕೊನೆಗೆ ಲಿಂಗವೂ ಕಾಯಕಕ್ಕೆ ನಿಲ್ಲಬೇಕಾಯಿತು. ಈ ಕಥೆಯನ್ನು ಪವಾಡವೆಂದು ಕೇಳಿ ಬಿಡುವುದು ಸುಲಭ. ಬಾಳಿನಲ್ಲಿ ಅತ್ಯಂತ ಪ್ರಿಯವಾದದ್ದು ಕೈಜಾರಿದ ಗಳಿಗೆಯಲ್ಲಿಯೂ ಅಂದಿನ ಕರ್ತವ್ಯವನ್ನು ಕೈಬಿಡದಿರುವುದು, ಕೈಬಿಡದವನ ಬಳಿಗೆ ಕಳೆದುಹೋದದ್ದು ಬೇರೊಂದು ರೂಪದಲ್ಲಿ ಮರಳುವುದು ಅದರ ಒಳಗಿರುವ ಬಾಳಿನ ಸತ್ಯ. ಸೂತಕದ ಮನೆಯಲ್ಲಿಯೂ ದನಕ್ಕೆ ಮೇವು ಹಾಕಲೇಬೇಕಾದ ಒಕ್ಕಲಗಿತ್ತಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳದು ಇದಕ್ಕಿಂತ ಸೂಕ್ಷ್ಮವಾದ ಪಾಠ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಬಡವರು ಅವರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಮೆಚ್ಚಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಹೇಳಿದರು. ಬಡತನ ಅವರನ್ನು ಕುಗ್ಗಿಸಲೂ ಇಲ್ಲ, ದುರಾಸೆಗೆ ದೂಡಲೂ ಇಲ್ಲ. ಕಷ್ಟ ಎಲ್ಲರನ್ನೂ ದೊಡ್ಡವರನ್ನಾಗಿ ಮಾಡುತ್ತದೆಂಬುದು ಸುಳ್ಳು. ಕಷ್ಟದಿಂದ ಕಹಿಯಾದವರನ್ನು, ಕ್ರೂರರಾದವರನ್ನು ನಾವು ದಿನವೂ ಕಾಣುತ್ತೇವೆ. ಕಷ್ಟದಲ್ಲಿ ಯಾವುದನ್ನು ಬಿಡದೆ ಹಿಡಿದುಕೊಂಡೆವು ಎಂಬುದೇ ನಮ್ಮನ್ನು ಬೆಳೆಸುತ್ತದೆ ಅಥವಾ ಬೀಳಿಸುತ್ತದೆ. ಲಕ್ಕಮ್ಮನವರು ಹಿಡಿದುಕೊಂಡದ್ದು ಇಂದಿಗೆ ಇಷ್ಟು ಸಾಕೆಂಬ ನಿಲುವನ್ನು.

ಇನ್ನು ಹರಳಯ್ಯನವರು. ಅವರ ಕಥೆಯನ್ನು ಕೇಳದ ಲಿಂಗವಂತರಿಲ್ಲ. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯನವರು ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ಒಂದು ಶರಣಿಗೆ ಎರಡು ಶರಣಿನ ಹೊರೆ ತಮ್ಮ ಮೇಲಾಯಿತೆಂದು ನೊಂದು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದು ತಂದರು. ಈ ಪ್ರಸಂಗವನ್ನು ನಾವು ಕೀರ್ತನೆಗಳಲ್ಲಿ, ನಾಟಕಗಳಲ್ಲಿ ದೇಹದಂಡನೆಯ ಮಹಿಮೆಯಾಗಿ ಕೇಳುತ್ತೇವೆ. ಕಥೆಯ ಮುಂದಿನ ಭಾಗವನ್ನು ಗಮನಿಸಿ. ಬಸವಣ್ಣನವರು ಆ ಪಾದರಕ್ಷೆಗಳನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಇನ್ನೊಬ್ಬರ ನೋವನ್ನು ಮೆಟ್ಟಿ ನಡೆಯಲು ಅವರ ಪಾದ ಒಪ್ಪಲಿಲ್ಲ. ಹುಟ್ಟಿದಂದಿನಿಂದ ದೂರ ಸರಿ ಎಂಬ ಮಾತನ್ನೇ ಕೇಳಿದ ಮನುಷ್ಯನಿಗೆ ರಾಜ್ಯದ ಭಂಡಾರಿ ಕೈಮುಗಿದು ಎರಡು ಬಾರಿ ಶರಣೆಂದ ಆ ಗಳಿಗೆಯೇ ಕಥೆಯ ಹೃದಯ. ಚರ್ಮ ಸುಲಿದ ನೋವಿಗಿಂತ ದೊಡ್ಡ ನೋವು ಅದಕ್ಕೂ ಮೊದಲಿನ ತಲೆಮಾರುಗಳ ಅವಮಾನ. ಆ ಅವಮಾನವನ್ನು ಒಂದು ನಮಸ್ಕಾರ ಕರಗಿಸಿತು. ನಮ್ಮ ಓಣಿಯಲ್ಲಿ, ನಮ್ಮ ಅಂಗಳದಲ್ಲಿ ನಾವು ಯಾರಿಗೆ ಇನ್ನೂ ಒಂದು ಶರಣನ್ನೂ ಹೇಳಿಲ್ಲ ಎಂಬುದನ್ನು ಹರಳಯ್ಯನವರ ಸ್ಮಾರಕದ ಮುಂದೆ ನಿಂತು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಎಳೆಹೂಟೆ ಮತ್ತು ಚದುರಿದ ಬೀಜ

ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದು ಶರಣರಾದ ಮಧುವರಸರ ಮಗಳಿಗೂ ವಿವಾಹವಾಯಿತು. ಅನುಭವ ಮಂಟಪದಲ್ಲಿ ಮಾತಾಗಿದ್ದ ಸಮಾನತೆ ಆ ದಿನ ಸಂಸಾರವಾಯಿತು. ಮಾತಾಗಿರುವವರೆಗೆ ಸಹಿಸಿಕೊಂಡಿದ್ದ ಜಗತ್ತು ಅದು ಸಂಸಾರವಾದಾಗ ಸಹಿಸಲಿಲ್ಲ. ಬಿಜ್ಜಳನ ಆಜ್ಞೆಯಂತೆ ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು, ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಅವರನ್ನು ಎಳೆಸಲಾಯಿತೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಊರು ಹೊತ್ತಿ ಉರಿಯಿತು. ಬಿಜ್ಜಳನೂ ಉಳಿಯಲಿಲ್ಲ. ಇತಿಹಾಸಕಾರರು ಈ ಘಟನೆಗಳನ್ನು ಸಾಮಾನ್ಯವಾಗಿ 1167ರ ಸುಮಾರಿಗೆ ಇರಿಸುತ್ತಾರೆ.

ಆ ಇಬ್ಬರು ತಂದೆಯಂದಿರ ನೋವನ್ನು ಪೂರ್ವಜನ್ಮದ ಕರ್ಮವೆಂದು ಶರಣರು ಸಮಾಧಾನಪಟ್ಟುಕೊಳ್ಳಲಿಲ್ಲ. ಹಾಗೆ ಹೇಳಿದ್ದರೆ ಅದು ಅನ್ಯಾಯ ಮಾಡಿದವನಿಗೆ ರಕ್ಷೆಯಾಗುತ್ತಿತ್ತು. ಅನ್ಯಾಯದಿಂದ ಬಂದ ನೋವನ್ನು ಅವರು ಅನ್ಯಾಯವೆಂದೇ ಕರೆದರು. ಇಂದಿನ ನಮ್ಮ ಕುಟುಂಬಗಳು ಇದನ್ನು ಮನಸ್ಸಿಟ್ಟು ತಿಳಿಯಬೇಕು. ಗಂಡನ ಮನೆಯಲ್ಲಿ ಹಿಂಸೆಗೆ ಒಳಗಾದ ಮಗಳು ತವರಿಗೆ ಬಂದಾಗ ‘ಸಹಿಸಿಕೊಳ್ಳವ್ವ, ಶರಣರೂ ಸಹಿಸಿದ್ದಾರೆ’ ಎಂದು ಹೇಳಿ ಮರಳಿ ಕಳಿಸುವವರಿದ್ದಾರೆ. ಶರಣರ ಹೆಸರಿನಲ್ಲಿ ಆಡಬಾರದ ಮಾತು ಅದು. ಶರಣರು ಸಹಿಸಿದ್ದು ಸತ್ಯವನ್ನು ಬಿಡಲೊಲ್ಲದೆ. ಅಸತ್ಯದ ಕಾಲಡಿ ಇರಲೊಪ್ಪಿ ಅಲ್ಲ.

ಕಲ್ಯಾಣವನ್ನು ಬಿಟ್ಟ ಶರಣರ ದಾರಿಯನ್ನು ಇಂದಿಗೂ ಊರೂರಿನ ಗದ್ದುಗೆಗಳಲ್ಲಿ ಗುರುತಿಸಬಹುದು. ಚೆನ್ನಬಸವಣ್ಣನವರೂ ಅವರ ತಾಯಿ ಅಕ್ಕನಾಗಮ್ಮನವರೂ ಮುಂದಾಳುಗಳಾಗಿ ಒಂದು ತಂಡ ಉಳವಿಯ ಕಾಡಿನತ್ತ ನಡೆಯಿತು. ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯದೊಡನೆ ಕಾದಾಟವಾಯಿತೆಂದು ಜನರ ನೆನಪು. ಗಂಗಾಂಬಿಕೆಯವರ ಐಕ್ಯಸ್ಥಳ ಅದೇ ನದಿಯ ಮುಗುಟಖಾನ ಹುಬ್ಬಳ್ಳಿಯಲ್ಲಿದೆ, ನೀಲಾಂಬಿಕೆಯವರದು ಕೃಷ್ಣೆಯ ತಂಗಡಗಿಯಲ್ಲಿ, ಡೋಹರ ಕಕ್ಕಯ್ಯನವರದು ಕಕ್ಕೇರಿಯಲ್ಲಿ, ಚೆನ್ನಬಸವಣ್ಣನವರದು ಉಳವಿಯಲ್ಲಿ. ಈಗ ವಾಹನದಲ್ಲಿ ಕುಳಿತು ಹೋದರೂ ಕಲ್ಯಾಣದಿಂದ ಉಳವಿಗೆ ಇಡೀ ದಿನದ ಪ್ರಯಾಣ. ಮಳೆ, ಕಾಡು, ಹಸಿವು, ಹಿಂದಿನಿಂದ ಕುದುರೆಯ ಗೊರಸಿನ ಸಪ್ಪಳ. ಇವುಗಳ ನಡುವೆ ಹೆಂಗಸರು, ಮಕ್ಕಳು, ವೃದ್ಧರು ನಡೆದರು. ಅವರ ತಲೆಯ ಮೇಲೆ ಇದ್ದ ಗಂಟುಗಳಲ್ಲಿ ಬಂಗಾರವಿರಲಿಲ್ಲ, ವಚನದ ಕಟ್ಟುಗಳಿದ್ದವು.

ಕಲ್ಯಾಣದ ಯಾತ್ರೆಯ ಸಾರವೆಲ್ಲ ನನಗೆ ಇಷ್ಟರಲ್ಲಿ ಕಾಣುತ್ತದೆ. ಮನೆಗೆ ಬೆಂಕಿ ಬಿದ್ದಾಗ ಮನುಷ್ಯ ಯಾವುದನ್ನು ಎತ್ತಿಕೊಂಡು ಓಡುತ್ತಾನೋ ಅದೇ ಅವನ ಧರ್ಮ. ಶರಣರು ನುಡಿಯನ್ನು ಎತ್ತಿಕೊಂಡು ಓಡಿದರು. ಕಲ್ಯಾಣ ಅಖಂಡವಾಗಿ ಉಳಿದಿದ್ದರೆ ಅದು ಒಂದು ನಗರದ ಚಳವಳಿಯಾಗಿ ಮುಗಿಯಬಹುದಿತ್ತೇನೋ. ಚದುರಿದ್ದರಿಂದ ನಾಡೆಲ್ಲ ಬಿತ್ತನೆಯಾಯಿತು. ಒಂದು ಶತಮಾನದೊಳಗೆ, 1260ರ ಅರ್ಜುನವಾಡ ಶಾಸನದಲ್ಲಿ ಬಸವಣ್ಣನವರ ಹೆಸರನ್ನು ಕಾಣುತ್ತೇವೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ವಚನಗಳನ್ನು ಕಲೆಹಾಕಿ ವ್ಯವಸ್ಥೆಗೊಳಿಸಿದರು. ಮತ್ತೆ ಮಠಗಳ, ಮನೆಗಳ ಜಂತಿಯ ಮೇಲೆ ಗೆದ್ದಲು ಹಿಡಿಯುತ್ತಿದ್ದ ಓಲೆಗಟ್ಟುಗಳನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ವಾಸದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಜಲಸಂಗವಿಯ ಕಲ್ಲಿಗಿಂತ ಗರಿ ಏಕೆ ಬಲವಾಯಿತೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಲ್ಲಿನ ಪ್ರಶಸ್ತಿಗಾಗಿ ಯಾರೂ ಮನೆ ಮಾರಲಿಲ್ಲ, ಯಾರೂ ಕಾಡು ಸೇರಲಿಲ್ಲ.

ನಮ್ಮ ಕಾಲದ ಕಲ್ಯಾಣ

ಕಲ್ಯಾಣದ ನೋವು ಹನ್ನೆರಡನೆಯ ಶತಮಾನಕ್ಕೆ ಮುಗಿಯಲಿಲ್ಲ. ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ 1948ರ ಮೇ 9ರಂದು ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಮರೆತಿಲ್ಲ. ಅಂದು ಸುಮಾರು 200 ಜನ ಹತರಾದರೆಂದು ಹೇಳಲಾಗುತ್ತದೆ. ನಾಲ್ಕು ತಿಂಗಳ ಬಳಿಕ, ಸೆಪ್ಟೆಂಬರ್ 17ರಂದು, ನಿಜಾಮನ ಆಡಳಿತ ಕೊನೆಗೊಂಡಿತು; ಆ ಮನೆಗಳ ದೀಪ ಮಾತ್ರ ಮರಳಿ ಬರಲಿಲ್ಲ. ಆ ತಾಯಂದಿರ ಮುಂದೆ ನಿಂತು ನಿಮ್ಮ ಆತ್ಮೋನ್ನತಿಗಾಗಿ ಇದು ಬಂದಿತೆಂದು ಹೇಳುವ ಎದೆಗಾರಿಕೆ ಯಾವ ಧರ್ಮಬೋಧಕನಿಗೂ ಇರಬಾರದು. ಕೆಲವು ನೋವುಗಳಿಗೆ ಅರ್ಥ ಹೇಳುವುದೇ ಒಂದು ಅಪಚಾರ. ಅಲ್ಲಿ ಮಾಡಬೇಕಾದದ್ದು ಎರಡೇ: ಸತ್ತವರನ್ನು ಮರೆಯದಿರುವುದು, ನೆನಪನ್ನು ದ್ವೇಷದ ಉರುವಲಾಗಲು ಬಿಡದಿರುವುದು. ಕೊಂದವರ ಪಾಪ ಕೊಂದವರದು. ಅವರ ಧರ್ಮದ ನೆರೆಹೊರೆಯವರದಲ್ಲ. ಮಾಣಿಕನಗರದ ಬಾಗಿಲನ್ನು ನೆನಪಿನಲ್ಲಿಡಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಅದೇ ಕಾಲದ ಕತ್ತಲೆಯಲ್ಲಿ ಕಲ್ಯಾಣಕ್ಕೆ ಅನತಿದೂರದ ಭಾಲ್ಕಿಯಲ್ಲಿ ಒಂದು ಹಣತೆ ಉರಿಯುತ್ತಿತ್ತು. ಹಿರೇಮಠದ ಪರಮಪೂಜ್ಯ ಡಾ. ಚೆನ್ನಬಸವ ಪಟ್ಟದ್ದೇವರು 1890ರಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದವರು, ಶತಮಾನವನ್ನೇ ಕಂಡವರು. ಕನ್ನಡ ಶಾಲೆಗೆ ಆಸ್ಪದವಿಲ್ಲದ ನಿಜಾಮರ ಆಡಳಿತದಲ್ಲಿ ಅವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮನೆಮಾತು. ಅವರು ಉರ್ದುವನ್ನು ಹಳಿಯಲಿಲ್ಲ, ಅರಸನನ್ನು ಶಪಿಸುತ್ತ ಕೂಡಲಿಲ್ಲ. ಮಕ್ಕಳ ಕೈಗೆ ಅಕ್ಷರ ಕೊಟ್ಟರು. ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡ ಮೇಲೇಳಲು ಜೋಳಿಗೆ ಹಿಡಿದು ಶ್ರಮಿಸಿದವರೂ ಅವರೇ. ತಂದೆತಾಯಿಗಳು ತೊರೆದ ಹಸುಗೂಸುಗಳನ್ನು ಭಾಲ್ಕಿಯ ಮಠ ತನ್ನ ಮಕ್ಕಳೆಂದು ಸಾಕಿದ್ದನ್ನು ನಾಡು ಬಲ್ಲದು. ಇನ್ನೊಬ್ಬರ ನೋವು ನಮ್ಮ ಮಡಿಲಿಗೆ ಬಂದಾಗ ಅದನ್ನು ಹೇಗೆ ಎತ್ತಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯ ಬೇಕಿಲ್ಲ.

ಈಗ ಬಸವಕಲ್ಯಾಣಕ್ಕೆ ಹೋದವರಿಗೆ 108 ಅಡಿ ಎತ್ತರದ ಬಸವಣ್ಣನವರ ಮೂರ್ತಿಯ ದರ್ಶನವಾಗುತ್ತದೆ. 770 ಅಮರಗಣಂಗಳ ಸ್ಮರಣೆಗೆ 770 ಕಂಬಗಳ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಿಲಾನ್ಯಾಸವಾಯಿತು. 2019ರಲ್ಲಿ ಹೈದರಾಬಾದ ಕರ್ನಾಟಕವೆಂಬ ಹೆಸರು ಅಳಿದು ಇಡೀ ಪ್ರದೇಶವೇ ಕಲ್ಯಾಣ ಕರ್ನಾಟಕವಾಯಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಕಂಬಗಳ ನಡುವೆ ಮತ್ತೆ ಅಂಬಿಗರು, ಮಡಿವಾಳರು, ಸಮಗಾರರು ಸಮನಾಗಿ ಕುಳಿತು ಮಾತನಾಡಿದಾಗಲೇ ಮಂಟಪ ಪೂರ್ಣವಾದಂತೆ.

ಯಾತ್ರಿಕರಲ್ಲಿ ಬಿನ್ನಹ

ಕೆಲವು ವರ್ಷಗಳ ಹಿಂದೆ ಕೆರೆಯ ದಂಡೆಯ ಗವಿಯೊಂದರ ಬಳಿ ನಾನು ವಿಶ್ರಮಿಸುತ್ತಿದ್ದಾಗ ಒಬ್ಬ ವೃದ್ಧ ಒಕ್ಕಲಗಿತ್ತಿ ದರ್ಶನ ಮುಗಿಸಿ ಬಂದು ಬುತ್ತಿ ಬಿಚ್ಚಿದರು. ಕಟಿರೊಟ್ಟಿ, ಶೇಂಗಾ ಹಿಂಡಿ. ಅಲ್ಲಿದ್ದ ಅಪರಿಚಿತರಿಗೆಲ್ಲ ಒಂದೊಂದು ತುಂಡು ಮುರಿದು ಕೊಟ್ಟು ಕೊನೆಗೆ ತಾವು ಉಂಡರು. ಮಾತಿಗೆ ಮಾತು ಬಂದು, ಹಿಂದಿನ ವರ್ಷ ಮಗ ತೀರಿಕೊಂಡದ್ದು ತಿಳಿಯಿತು. ಇಷ್ಟು ದುಃಖದಲ್ಲಿಯೂ ಹಂಚಿ ಉಣ್ಣುತ್ತೀರಲ್ಲ ತಾಯಿ ಎಂದೆ. ‘ಒಬ್ಬಾಕಿ ಕುಂತು ಉಂಡ್ರ ಗಂಟಲಾಗ ಇಳಿಯಂಗಿಲ್ರಿ ಅಪ್ಪಾರ. ನಾಕು ಮಂದಿಗೆ ಕೊಟ್ಟು ಉಂಡ್ರ ಇಳಿತದ’ ಎಂದರು. ದಾಸೋಹತತ್ತ್ವದ ಬಗೆಗೆ ಮಠದಲ್ಲಿ ಕುಳಿತು ಹಲವು ವರ್ಷ ಓದಿದ ನನಗೆ ಅಂದು ಆ ಮಾತಿನಲ್ಲಿ ಅದರ ಸಾರವೆಲ್ಲ ದೊರೆಯಿತು. ಆ ತಾಯಿ ನೋವಿಗೆ ಅರ್ಥ ಹುಡುಕುತ್ತಿರಲಿಲ್ಲ. ನೋವಿನ ನಡುವೆಯೂ ಕೊಡುವ ಕೈಯನ್ನು ಮುಚ್ಚದೆ ಉಳಿಸಿಕೊಂಡಿದ್ದರು. ಬೆಳವಣಿಗೆ ಎಂಬುದು ಅದೇ.

ಆದ್ದರಿಂದ ಬಸವಕಲ್ಯಾಣಕ್ಕೆ ಹೋಗುವ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಅರ್ಧ ದಿನದಲ್ಲಿ ಮೂರ್ತಿ, ಮಂಟಪ ನೋಡಿ ಮರಳಬೇಡಿ. ಮಕ್ಕಳನ್ನು ಗವಿಗಳಿಗೆ ಕರೆದೊಯ್ಯಿರಿ; ಬಾಗಿ ಒಳಗೆ ಹೋಗಲು ಕಲಿಸಿರಿ. ಯಾವ ಶರಣರು ಯಾವ ಕಾಯಕ ಮಾಡುತ್ತಿದ್ದರೆಂದು ಅವರ ಬಾಯಿಂದಲೇ ಹೇಳಿಸಿರಿ. ಹರಳಯ್ಯನವರ ಮುಂದೆ ನಿಂತಾಗ ಅವರ ಮಗನ ಮದುವೆಯ ಕಥೆಯನ್ನು ಮುಚ್ಚಿಡದೆ ಪೂರ್ತಿಯಾಗಿ ಹೇಳಿರಿ. ಸಾಧ್ಯವಾದವರು ಮುಂದೊಮ್ಮೆ ಕಾದರವಳ್ಳಿ, ಕಕ್ಕೇರಿ, ಉಳವಿಗಳ ದಾರಿಯನ್ನೂ ಹಿಡಿಯಿರಿ. ಕಲ್ಯಾಣವನ್ನು ಮಾತ್ರ ಕಂಡವರಿಗೆ ಅರ್ಧ ಕಥೆ ತಿಳಿದಂತೆ. ಕಲ್ಯಾಣದಿಂದ ಹೊರಟವರ ಹೆಜ್ಜೆಯಲ್ಲಿ ಉಳಿದರ್ಧವಿದೆ.

ಕಷ್ಟ ಯಾರ ಮನೆಗೂ ಬರದಿರಲಿ ಎಂದೇ ನಾವು ಲಿಂಗಪೂಜೆಯ ಹೊತ್ತಿನಲ್ಲಿ ಬೇಡಿಕೊಳ್ಳೋಣ. ಬಂದರೆ, ಅನ್ಯಾಯದಿಂದ ಬಂದದ್ದನ್ನು ಎದುರಿಸುವ ಎದೆಯನ್ನೂ, ತಡೆಯಲಾಗದೆ ಬಂದದ್ದನ್ನು ನಾಲ್ಕು ಜನರೊಡನೆ ಹಂಚಿಕೊಳ್ಳುವ ಮನಸ್ಸನ್ನೂ ಬೇಡೋಣ. ಪಕ್ಕದ ಮನೆಗೆ ಬಂದರೆ ಅರ್ಥ ಹೇಳಲು ಹೋಗದೆ ಬುತ್ತಿ ಕಟ್ಟಿಕೊಂಡು ಹೋಗೋಣ. ಅಷ್ಟು ಮಾಡಿದ ಮನೆಯ ಹೊಸ್ತಿಲಲ್ಲಿಯೇ ಕಲ್ಯಾಣವಿದೆ.